ಒರೆಸಿದಷ್ಟೂ

ಹೆಣದ ಗಾಡಿ ಬಾಗಿಲಿಗೆ ಬಂದು ನಿಂತಿದ್ದರೂ ಮುದುಕ ಹೆಂಡತಿಯ ಅಂಗೈಗೆ ಮುಲಾಮು ತಿಕ್ಕುವುದನ್ನು ಬಿಟ್ಟಿರಲಿಲ್ಲ.

"ಸಾಕು ಬಿಡಪ್ಪಾ, ಅಮ್ಮಂಗೆ ಇನ್ನು ಉರಿಯಲ್ಲ," ಎಂದಳು ಮಗಳು.

"ನಿಂಗೇನು ಗೊತ್ತು? ನೋಡು, ಹೇಗೆ ಬಿರಿದಿದೆ."

ಏಳು ವರ್ಷದಿಂದ ಆಕೆ ದಿನಕ್ಕೆ ನಲವತ್ತು ಸಲ ಕೈ ತೊಳೆಯುತ್ತಿದ್ದಳು. ಮೊಮ್ಮಗಳನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ. "ಸೋಪಿನ ಕಾರ್ಖಾನೆ ನಿನ್ನಿಂದಲೇ ನಡೀತಿದೆ ಕಣೇ," ಎಂದು ಮುದುಕ ರೇಗಿಸುತ್ತಿದ್ದ. ಅದನ್ನು ನೆನೆದರೆ ಈಗ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತಿತ್ತು.

*

ಬಾಹ್ಯಾಕಾಶ ನೌಕೆ ಜೋಡಿಸುವ ಕೋಣೆಯಲ್ಲಿ ಆಕೆಯದು ಒರೆಸುವ ಕೆಲಸವಾಗಿತ್ತು. ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು, ಕಾಣುವುದು ಕಣ್ಣೆರಡೇ. ಹತ್ತೊಂಬತ್ತು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವಳಲ್ಲ. ಏಳು ವರ್ಷದ ಹಿಂದೆ, ನೌಕೆಯೊಂದು ಹಾರುವುದಕ್ಕೆ ವಾರವಿದ್ದಾಗ, ಆಕೆ ಒರೆಸಿದ ತಗಡಿನ ಮೇಲೆ ಜೀವಂತ ಸೂಕ್ಷ್ಮಾಣು ಸಿಕ್ಕಿತು. ಬಿಸಿಗೂ ಜಗ್ಗದ, ಒಣಗಿಸಿದರೂ ಸಾಯದ ಹಾಳಾದ್ದು.

"ಇದು ಇನ್ನೊಂದು ಗ್ರಹಕ್ಕೆ ಹೋದ್ರೆ, ನಮ್ಮ ಕೊಳೇನೇ ನೋಡಿ ಅಲ್ಲಿ ಜೀವ ಇದೆ ಅಂತ ಕುಣೀತೀವಿ," ಎಂದರು ದೊಡ್ಡ ಅಧಿಕಾರಿ. "ಯಾರದೋ ಚರ್ಮದಿಂದ ಬಂದಿರ್ಬೇಕು."

ಯಾರೂ ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಮರುದಿನದಿಂದ ಅಂಗಳ ಗುಡಿಸಲು ಹಾಕಿದರು, ಅಷ್ಟೇ. ಆ ದಿನ ಮನೆಗೆ ಬಂದವಳು ನೆಟ್ಟಗೆ ಬಚ್ಚಲಿಗೆ ಹೋಗಿ ಕೈ ಉಜ್ಜತೊಡಗಿದಳು.

*

ಗಾಡಿಯ ಹಿಂದೆಯೇ, ಆಕೆ ಕೆಲಸ ಮಾಡುತ್ತಿದ್ದ ಕಡೆಯ ಪ್ರಯೋಗಾಲಯದ ಸಹಾಯಕಿ ಓಡಿಬಂದಳು. ಕೈ ನೋಡಿ ಬೆಚ್ಚಿದಳು. "ಅಕ್ಕನ ಕೈ ಯಾಕೆ ಹೀಗಾಗಿದೆ?"

ಸೂಕ್ಷ್ಮಾಣು ತನ್ನ ಕೈಯಿಂದಲೇ ಹೋಯಿತೆಂದು ಅಮ್ಮ ತೊಳೆಯುತ್ತಲೇ ಇದ್ದುದನ್ನು ಮಗಳು ಹೇಳಿದಳು.

ಸಹಾಯಕಿಯ ಮುಖ ಬಿಳಿಚಿಕೊಂಡಿತು. "ಅಯ್ಯೋ, ಅದು ಅಕ್ಕನ ಕೈಯಿಂದ ಬಂದಿದ್ದಲ್ಲ! ಒರೆಸೋಕೆ ನಾವು ಕೊಡ್ತಿದ್ದ ದ್ರಾವಣದಲ್ಲೇ ಇತ್ತು. ಅದನ್ನೇ ತಿಂದು ಬದುಕೋ ಜಾತಿ. ಅಕ್ಕ ಒರೆಸಿದಷ್ಟೂ ಬೆಳೀತಿತ್ತು."

"ಯಾವಾಗ ಗೊತ್ತಾಯ್ತು?" ಎಂದಳು ಮಗಳು.

"ನಾಲ್ಕು ವರ್ಷ ಆಯ್ತು. ವರದೀಲಿ ಬರೆದ್ವಿ. ಅಕ್ಕಂಗೆ ಹೇಳ್ಬೇಕು ಅಂತ ಯಾರಿಗೂ ಹೊಳೀಲಿಲ್ಲ."

ಹೊಳೆಯಲಿಲ್ಲವಂತೆ! ನಾಲ್ಕು ವರ್ಷ!

ಮಗಳು ಗೋಡೆಗೆ ಹಣೆ ಚಚ್ಚಿಕೊಂಡು ಅತ್ತಳು. ಮುದುಕ ಅಳಲಿಲ್ಲ. ಸಹಾಯಕಿಯ ರಟ್ಟೆ ಹಿಡಿದು ಹೆಂಡತಿಯ ತಲೆಯ ಹತ್ತಿರ ಕೂರಿಸಿದ.

"ಅವಳಿಗೆ ಹೇಳಮ್ಮ."

"ಭಾವಾ, ಅಕ್ಕ ಹೋಗ್ಬಿಟ್ಟಿದ್ದಾರೆ..."

"ಹೇಳು. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಾನೆ ಅಂತಾಳೆ."

ಹೊರಗೆ ಗಾಡಿಯವನು ಹಾರ್ನ್ ಹೊಡೆದ. ಸಹಾಯಕಿ ಬಗ್ಗಿದಳು. "ಅಕ್ಕಾ, ನಿಮ್ಮ ತಪ್ಪಲ್ಲ."

"ಆ ಕಿವಿ ಮಂದ. ಈ ಕಡೆ ಬಾ. ಜೋರಾಗಿ ಹೇಳು."

ಆಕೆ ಮೊಣಕಾಲಲ್ಲೇ ತೆವಳಿಕೊಂಡು ಈ ಕಡೆ ಬಂದು ಕೂಗಿ ಹೇಳಿದಳು. ಹೆಣ ಎತ್ತಲು ಒಳಬಂದು ಬಗ್ಗಿದ್ದ ನಾಲ್ವರೂ ಹಾಗೇ ನಿಂತರು. ಮುದುಕ ರೆಪ್ಪೆ ಮಿಟುಕಿಸದೆ ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

"ಇನ್ನೊಂದ್ಸಲ," ಎಂದ.