ನಂಬರಿಲ್ಲದ ತುಂಡು

ಔಷಧಿ ಅಂಗಡಿಯವನ ಹೆಂಡತಿಗೆ ಮಾತ್ರೆಗೆ ಬರವೇ ಎಂದು ಬೀದಿಯವರೆಲ್ಲ ಅಂದುಕೊಂಡಿದ್ದರು. ಬರವೇನೂ ಇರಲಿಲ್ಲ, ನಿಜ. ಆದರೆ ಆಕೆಯ ಪಾಲಿಗೆ ಬರುತ್ತಿದ್ದುದು ಬರೀ ತುಂಡು. ಗಿರಾಕಿ ನಾಲ್ಕೇ ಮಾತ್ರೆ ಸಾಕು ಎಂದರೆ ಗಂಡ ಮಾತ್ರೆಯ ಸ್ಟ್ರಿಪ್ಪನ್ನು ಕಚಕ್ಕನೆ ಕತ್ತರಿಸುತ್ತಿದ್ದ. ಬ್ಯಾಚ್ ನಂಬರ್ ಇರುವ ತುದಿಯನ್ನು ಕೊನೆಯವರೆಗೂ ಅಂಗಡಿಯಲ್ಲೇ ಉಳಿಸಿಕೊಳ್ಳಬೇಕು ಎಂಬುದು ಆ ಕಸುಬಿನ ಮೊದಲ ಪಾಠ. ಈ ಮಹಾಶಯನಿಗೋ ಸದಾ ಅವಸರ. ಕೈಗೆ ಯಾವ ತುದಿ ಸಿಕ್ಕಿತೋ ಅದಕ್ಕೇ ಕತ್ತರಿ. ಹಾಗೆ ನಂಬರ್ ಕಳೆದುಕೊಂಡು ಉಳಿದ ತುಂಡುಗಳನ್ನು ತಿಳಿದವರು ಕೊಳ್ಳುತ್ತಿರಲಿಲ್ಲ. ಅವು ನೆಟ್ಟಗೆ ಮನೆಗೆ ಬರುತ್ತಿದ್ದವು.

"ನಿನ್ನ ಹೊಟ್ಟೆ ಉರಿಗೆ ನಂಬರ್ ಯಾಕೆ? ಅದೇನು ಓದಿ ನೋಡತ್ತಾ?" ಎಂದು ನಗುತ್ತಿದ್ದ. ಆಕೆಯೂ ನಗುತ್ತಿದ್ದಳು. ಹೊತ್ತಿಗೊಂದರಂತೆ ವರ್ಷಗಟ್ಟಲೆ ನುಂಗಿಕೊಂಡೇ ನಕ್ಕಿದ್ದಳು, ಪಾಪ.

ಆ ಮಧ್ಯಾಹ್ನ ಆಕೆ ಊಟದ ಡಬ್ಬಿ ಹಿಡಿದು ಅಂಗಡಿಗೆ ಬಂದಾಗ ಗಂಡ ಕಪಾಟಿನಿಂದ ಪೆಟ್ಟಿಗೆಗಳನ್ನು ಎಳೆದೆಳೆದು ನೆಲಕ್ಕೆ ಹಾಕುತ್ತಿದ್ದ. ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು.

"ಏನ್ರೀ ಇದು ಅವತಾರ? ಇಲಿ ಬಂತಾ?"

"ಇಲಿ ಆಗಿದ್ರೆ ಪುಣ್ಯ ಅಂತಿದ್ದೆ" ಎಂದು ಫೋನನ್ನು ಆಕೆಯ ಮುಂದೆ ಹಿಡಿದ.

ಸಗಟು ವ್ಯಾಪಾರಿಯ ಸಂದೇಶ. ಹೊಟ್ಟೆ ಉರಿಯ ಆ ಮಾತ್ರೆಯ ಕೆಲವು ಬ್ಯಾಚುಗಳಲ್ಲಿ ಕ್ಯಾನ್ಸರ್ ತರಬಲ್ಲ ರಾಸಾಯನಿಕ ಸಿಕ್ಕಿದೆ, ಬಹಳ ಕಾಲ ತಿಂದವರಿಗೆ ಅಪಾಯ ಹೆಚ್ಚು, ಈ ನಂಬರಿನವನ್ನು ತಕ್ಷಣ ವಾಪಸ್ ಕಳಿಸಿ. ಆಕೆ ಎರಡು ಸಲ ಓದಿದಳು. ಚೀಲದಲ್ಲಿದ್ದ ತನ್ನ ಮಾತ್ರೆಯ ತುಂಡುಗಳನ್ನು ತೆಗೆದು ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡಿದಳು. ಒಂದರಲ್ಲಾದರೂ ನಂಬರ್ ಇದ್ದರೆ ತಾನೆ!

"ನಂದು ಯಾವ ಬ್ಯಾಚ್ ರೀ?"

ಆತ ಬಗ್ಗಿ ಇನ್ನೊಂದು ಪೆಟ್ಟಿಗೆ ಎಳೆದ. ಅಷ್ಟರಲ್ಲಿ ಎದುರು ಮನೆಯ ಟೀಚರಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು. ಮುಷ್ಟಿಯಲ್ಲಿ ಅಂಥದೇ ಒಂದು ತುಂಡು.

"ಟಿವೀಲಿ ಏನೇನೋ ಹೇಳ್ತಿದ್ದಾರಪ್ಪ. ನಂಬರ್ ನೋಡ್ಕೊಳ್ಳಿ ಅಂತಾರೆ, ಇದ್ರಲ್ಲಿ ನಂಬರೇ ಇಲ್ವಲ್ಲ?"

ಗಂಡ ಎದ್ದು ನಿಂತು ಮುಖ ಒರೆಸಿಕೊಂಡ. "ಅಯ್ಯೋ, ನಿಮ್ದು ಬೇರೆ ಬ್ಯಾಚ್ ಅಮ್ಮ. ನಾನೇ ಕತ್ತರಿಸಿ ಕೊಟ್ಟಿದ್ದಲ್ವಾ, ಚೆನ್ನಾಗಿ ನೆನಪಿದೆ. ಧೈರ್ಯವಾಗಿ ನುಂಗಿ."

ನೆನಪಂತೆ ನೆನಪು! ಬೆಳಗ್ಗೆ ಕನ್ನಡಕ ಎಲ್ಲಿಟ್ಟೆ ಎಂದು ಮನೆಯೆಲ್ಲ ತಡಕುವ ಆಸಾಮಿ ಇವನು. ಆಕೆಗೆ ಗಂಡನ ಸುಳ್ಳುಗಳೇನೂ ಹೊಸದಲ್ಲ. ಆದರೆ ಬೇರೊಬ್ಬರ ಜೀವದ ಮೇಲೆ ಇಷ್ಟು ಸಲೀಸಾಗಿ ಹೇಳಿದ್ದನ್ನು ಕೇಳಿ ಮೈಯೆಲ್ಲ ಉರಿದುಹೋಯಿತು. ಟೀಚರಮ್ಮ "ಸದ್ಯ, ಬದುಕಿದೆ" ಎಂದು ತುಂಡನ್ನು ಪರ್ಸಿಗೆ ಸೇರಿಸಿಕೊಳ್ಳುತ್ತಿದ್ದರು.

"ಒಂದ್ನಿಮಿಷ ಟೀಚರಮ್ಮ" ಎಂದಳು ಹೆಂಡತಿ. "ಊಟಕ್ಕೆ ಮುಂಚೆ ನಾನೂ ನುಂಗಬೇಕು. ನಂದೂ ಇವ್ರೇ ಕತ್ತರಿಸಿದ್ದು. ಅಲ್ವೇನ್ರೀ?"

ಮಾತ್ರೆಯನ್ನು ಒತ್ತಿ ತೆಗೆದು ಗಂಡನ ಮುಖವನ್ನೇ ನೋಡುತ್ತ ತುಟಿಯವರೆಗೆ ತಂದಳು. ಅವನು ಸುಮ್ಮನಿದ್ದುಬಿಟ್ಟರೆ? ಮಾನ ಉಳಿಸಿಕೊಳ್ಳಲು ನುಂಗಲೂ ಬಿಟ್ಟರೆ? ಆ ಯೋಚನೆಗೇ ಆಕೆಯ ಜೀವ ಬಾಯಿಗೆ ಬಂತು. ಆದರೂ ಬಾಯಿ ತೆರೆದಳು.

ಗಂಡ ಕೌಂಟರಿನ ಮೇಲಿಂದಲೇ ಬಾಗಿ ಆಕೆಯ ಕೈಗೆ ಪಟಾರನೆ ಹೊಡೆದ. ಮಾತ್ರೆ ಹಾರಿ ಎಲ್ಲೋ ಬಿತ್ತು.

"ಹುಚ್ಚು ಹಿಡಿದಿದ್ಯೇನೇ ನಿಂಗೆ!"

ಟೀಚರಮ್ಮ ಪರ್ಸ್ ತೆರೆದರು, ತಮ್ಮ ತುಂಡನ್ನು ಕೌಂಟರಿನ ಮೇಲಿಟ್ಟರು.

ಹೆಂಡತಿ ಕೆಂಪಾದ ಕೈ ಉಜ್ಜಿಕೊಳ್ಳುತ್ತ ಮೆಲ್ಲಗೆ ಕೇಳಿದಳು: "ಒಂದಕ್ಕೇ ಇಷ್ಟು ಹೆದರಿದ್ರಲ್ಲ, ಇಷ್ಟು ವರ್ಷ ನುಂಗಿದ್ದಕ್ಕೆ ಏನ್ಮಾಡ್ತೀರಿ?"

"ಗೊತ್ತಿಲ್ಲ ಕಣೇ. ಯಾವುದು ಯಾವ ಬ್ಯಾಚೋ, ನಂಗೆ ಗೊತ್ತಿಲ್ಲ."

"ನಂದು?" ಎಂದರು ಟೀಚರಮ್ಮ.

"ನಿಮ್ದೂ ಗೊತ್ತಿಲ್ಲಮ್ಮ."