ಅಂಥೋರು ಇಲ್ಲಿ ಯಾರೂ ಇಲ್ಲ

"ನಿಮ್ಮ ಬಗ್ಗೆ ಒಂದು ನಿಮಿಷ ಹೇಳಿ" ಎಂದರು ಟೈ ಸರ್.

ಉದ್ಯೋಗ ತರಬೇತಿ ಸಂಸ್ಥೆಯ ಕೋಣೆಯಲ್ಲಿ ಇಪ್ಪತ್ತೆರಡು ಹೆಂಗಸರು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದರು. ಎದುರಿಗೆ ಆಳೆತ್ತರದ ಕನ್ನಡಿ. ಒಬ್ಬೊಬ್ಬರೇ ಅದರ ಮುಂದೆ ನಿಂತು, ಮುಖದಲ್ಲಿ ನಗು ಇಟ್ಟುಕೊಂಡು ಮಾತಾಡಬೇಕು. ಸಂದರ್ಶನದಲ್ಲಿ ನಾಲಿಗೆ ತಡವರಿಸಬಾರದು ಎಂದು ಈ ಅಭ್ಯಾಸ. ಅವತ್ತು ಮೊಂಡಿಯ ಸರದಿ. ಅದು ಗಲ್ಲಿಯವರು ಇಟ್ಟ ಹೆಸರು. ಕಾಗದದಲ್ಲಿ ಬೇರೆ ಹೆಸರಿತ್ತು, ಉದ್ದದ್ದು. ಆ ಹೆಸರಿನಿಂದ ಅವಳನ್ನು ಯಾರೂ ಕರೆಯುತ್ತಿರಲಿಲ್ಲ.

"ಹನ್ನೊಂದು ವರ್ಷ ಲಾಂಡ್ರಿಲಿ ಕೆಲಸ ಮಾಡಿದೀನಿ ಸಾರ್. ರಕ್ತದ ಕಲೆಗೆ ಮೊದಲು ತಣ್ಣೀರು ಹಾಕ್ಬೇಕು. ಬಿಸಿನೀರು ಹಾಕಿದ್ರೆ ಕಲೆ ಕೂತ್ಬಿಡುತ್ತೆ, ಆಮೇಲೆ ಯಾರಪ್ಪ ಬಂದ್ರೂ ಹೋಗಲ್ಲ. ಎಂಥ ದೊಡ್ಡ ಶೀಟಾದ್ರೂ ಒಬ್ಳೇ ಮಡಚ್ತೀನಿ. ಒಂದು ಮೂಲೆ ಗದ್ದದ ಕೆಳಗೆ ಒತ್ತಿ ಹಿಡ್ಕೋಬೇಕು."

"ಅದು ಬಟ್ಟೆ ಬಗ್ಗೆ ಆಯ್ತಮ್ಮ. ನಿಮ್ಮ ಬಗ್ಗೆ ಹೇಳಿ. ನಾನು ಶ್ರಮಜೀವಿ, ನನಗೆ ಆತ್ಮವಿಶ್ವಾಸ ಇದೆ, ಹೀಗೆ."

"ನಾನು ಹೇಳಿದ್ದೂ ನನ್ನ ಬಗ್ಗೇನೇ ಸಾರ್."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಟೈ ಸರ್ ಕೆಟ್ಟವರಲ್ಲ. ಇಪ್ಪತ್ತಾರು ವರ್ಷದ ಹುಡುಗ, ಬಿಸಿಲಲ್ಲೂ ಟೈ ಬಿಚ್ಚದವರು. "ಸರಿ, ನಿಮ್ಮ ದೌರ್ಬಲ್ಯ ಏನು?" ಎಂದು ಕೇಳಿದರು.

"ಬಾಯಿ!" ಎಂದಳು ಹಿಂದಿನ ಸಾಲಿನ ಎದುರುಮನೆ ಅಕ್ಕ. ಇಡೀ ಕೋಣೆ ನಕ್ಕಿತು.

ಮೊಂಡಿ ನಗಲಿಲ್ಲ. ಅವಳ ತಲೆಯಲ್ಲಿ ದೊಡ್ಡಾಸ್ಪತ್ರೆಯ ಲಾಂಡ್ರಿ ಕುಳಿತಿತ್ತು. ತಾನು ದುಡಿಯುತ್ತಿದ್ದ ಲಾಂಡ್ರಿಯ ಮಾಲೀಕ ಯಂತ್ರಗಳನ್ನು ಗುಜರಿಗೆ ಹಾಕಿ ಬಾಗಿಲು ಮುಚ್ಚಿ ಎಂಟು ತಿಂಗಳಾಗಿತ್ತು. ಆಸ್ಪತ್ರೆಯಲ್ಲಿ ಹನ್ನೆರಡು ಜನ ಬೇಕು ಎಂದು ನೋಟಿಸ್ ಹಚ್ಚಿದ ದಿನವೇ ಅವಳು ಅರ್ಜಿ ಕೊಟ್ಟಿದ್ದಳು. ಪರೀಕ್ಷೆಗೆ ಫೋನ್ ಮಾಡಿ ಕರೆಯುತ್ತೇವೆ ಎಂದಿದ್ದರು. ತಿಂಗಳಾಯಿತು, ಫೋನ್ ಬರಲಿಲ್ಲ. ಅವತ್ತಿನ ತರಬೇತಿ ಮುಗಿಸಿಕೊಂಡು ಅವಳು ಸೀದಾ ಆಸ್ಪತ್ರೆಗೆ ನಡೆದಳು.

ಅಲ್ಲಿನ ಗುಮಾಸ್ತ ಕನ್ನಡಕವನ್ನು ಹಣೆಯ ಮೇಲೇರಿಸಿ ರಿಜಿಸ್ಟರ್ ತಿರುವಿದ.

"ಮೂರು ಸಲ ಮಾಡಿದೀವಿ. ಯಾರೋ ಅಜ್ಜಿ ಎತ್ತಿದಾರೆ. 'ಅಂಥೋರು ಇಲ್ಲಿ ಯಾರೂ ಇಲ್ಲ' ಅಂದು ಕಟ್ ಮಾಡಿದಾರೆ. ಮೂರು ಸಲ ಸಿಗದಿದ್ರೆ ಹೆಸರು ಹೊಡೆದುಹಾಕ್ತೀವಿ. ರೂಲ್ಸು."

"ಅದು ನಾನೇ ಸಾರ್. ನಿಮ್ಮ ಕಣ್ಮುಂದೆ ನಿಂತಿದೀನಿ."

"ನಿನ್ನ ಮನೇಲೇ ನೀನಿಲ್ಲ ಅಂದ್ರೆ ನಾನೇನು ಮಾಡ್ಲಿ?"

ಮೊಂಡಿ ತಲೆಕೆಳಗಾಗಿಯೇ ರಿಜಿಸ್ಟರ್ ಓದಿದಳು. ಅವಳ ಹೆಸರಿನ ಮೇಲೆ ಕೆಂಪು ಗೀಟು. ಆ ಪುಟದಲ್ಲಿ ಇನ್ನೂ ಏಳು ಕೆಂಪು ಗೀಟುಗಳಿದ್ದವು. ಏಳಕ್ಕೂ 'ಅಂಥೋರು ಯಾರೂ ಇಲ್ಲ' ಎಂಬ ಅದೇ ಷರಾ, ಅದೇ ಗಲ್ಲಿಯ ವಿಳಾಸ.

ಮನೆಯಲ್ಲಿ ಅತ್ತೆ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಕಾರ್ಖಾನೆಯಿಂದ ಕಟ್ಟುಗಟ್ಟಲೆ ಬರುವ ಕೆಲಸ ಅದು. ಮನೆಗಿದ್ದ ಒಂದೇ ಫೋನು ಅವಳ ಮೊಣಕಾಲ ಹತ್ತಿರ ಬಿದ್ದಿತ್ತು. ಮಗ, ಅಂದರೆ ಮೊಂಡಿಯ ಗಂಡ, ಲಾರಿ ಓಡಿಸಲು ಹೋದಾಗ ಅದು ಅತ್ತೆಯ ವಶ.

"ಅತ್ತೆ, ಯಾರಾದ್ರೂ ನನ್ನ ಕೇಳ್ಕೊಂಡು ಫೋನ್ ಮಾಡಿದ್ರಾ?"

"ಇಲ್ವಲ್ಲ." ಅತ್ತೆ ಹಲ್ಲಿನಲ್ಲಿ ದಾರ ಕಡಿದಳು. "ಯಾರೋ ಒಬ್ಬ ಗಂಟುಬಿದ್ದಿದ್ದ. ಅದ್ಯಾವ್ದೋ ಗಜದುದ್ದದ ಹೆಸರು ಹೇಳ್ತಿದ್ದ. ಅಂಥೋರು ಯಾರೂ ಇಲ್ಲ ಅಂತ ಬೈದು ಇಟ್ಟೆ."

"ಅದು ನನ್ನ ಹೆಸರು."

ಅತ್ತೆಯ ಸೂಜಿ ನಿಂತಿತು. "ನಿಂದಾ? ಹದಿನಾಲ್ಕು ವರ್ಷದಿಂದ ಮೊಂಡಿ ಅಂತ ಕೂಗಿದ್ರೆ ಓ ಅಂತೀಯ, ಒಂದಿನ ಬಾಯಿ ಬಿಟ್ಯಾ?"

"ಮದುವೆ ದಿನ ಹೇಳಿದ್ರು."

"ಆವತ್ತು ನನಗೆ ತಲೆನೋವು." ಅತ್ತೆ ಮತ್ತೆ ಸೂಜಿ ಆಡಿಸುತ್ತ ಸೋಲದ ದನಿಯಲ್ಲಿ ಹೇಳಿದಳು: "ಗೊತ್ತಿದ್ರೂ ಇಲ್ಲ ಅಂತಾನೇ ಅಂತಿದ್ದೆ ಕಣೆ. ಪೂರ್ತಿ ಹೆಸರು ಹಿಡ್ಕೊಂಡು ನಮ್ಮನ್ನ ಕೇಳೋರು ಒಳ್ಳೇದಕ್ಕೆ ಕೇಳ್ತಾರಾ?"

ಅತ್ತೆ ಹೇಳಿದ್ದು ಗಲ್ಲಿಯ ಕಾನೂನು. ಗುಡಿಸಲು ಕೀಳಲು ಬಂದವರು, ಪೊಲೀಸರು, ಕೋರ್ಟಿನ ಕಾಗದ ಹೊತ್ತವರು, ಎಲ್ಲರೂ ಪೂರ್ತಿ ಹೆಸರು ಕೂಗುತ್ತಲೇ ಬಂದಿದ್ದರು. ಎರಡು ಸಲ ಇಡೀ ಗಲ್ಲಿ ನೆಲಸಮವಾಗಿತ್ತು. ಅಂದಿನಿಂದ ಆರು ವರ್ಷದ ಮಗುವೂ ಕಲಿತಿತ್ತು: ಗೊತ್ತಿಲ್ಲದ ದನಿ ಪೂರ್ತಿ ಹೆಸರು ಕೇಳಿದರೆ, ಅಂಥೋರು ಇಲ್ಲಿ ಯಾರೂ ಇಲ್ಲ. ಅದನ್ನು ಯಾರೂ ಸುಳ್ಳು ಎಂದುಕೊಂಡಿರಲಿಲ್ಲ. ಬಾಗಿಲಿಗೆ ಚಿಲಕ ಹಾಕಿದ ಹಾಗೆ ಅಷ್ಟೆ.

ಮೊಂಡಿಗೆ ಇನ್ನೊಂದು ನೆನಪಾಯಿತು. ಹದಿನೈದು ದಿನದ ಹಿಂದೆ ಎದುರುಮನೆ ಅಕ್ಕ ಚಾರ್ಜಿಗೆಂದು ಫೋನು ಇವಳ ಮನೆಯಲ್ಲಿ ಬಿಟ್ಟುಹೋಗಿದ್ದಳು. ಅದು ಅವತ್ತು ಮೂರು ಸಲ ಬಡಿದುಕೊಂಡಿತ್ತು. ಮೂರು ಸಲವೂ ಒಬ್ಬ ಗಂಡಸು ಯಾವುದೋ ಉದ್ದ ಹೆಸರು ಕೇಳಿದ್ದ. ಮೊಂಡಿ ಯೋಚನೆ ಕೂಡ ಮಾಡದೆ ಅದೇ ಉತ್ತರ ಕೊಟ್ಟಿದ್ದಳು. ಆ ಏಳು ಗೀಟುಗಳಲ್ಲಿ ಒಂದನ್ನು ಎಳೆದ ಕೈ ಅವಳದೇ.

ಸಂಜೆ ಎದುರುಮನೆಗೆ ಹೋಗಿ ಒಪ್ಪಿಕೊಂಡಳು. ಅಕ್ಕ ಅರ್ಧ ಗಂಟೆ ಉಗಿದಳು. ಉಗಿದು ಮುಗಿದ ಮೇಲೆ ತಾನೂ ಇಬ್ಬರಿಗೆ ಹೀಗೇ ಮಾಡಿದ್ದನ್ನು ಹೇಳಿದಳು.

ಮರುದಿನ ತರಬೇತಿಯ ಕೊನೆಯ ದಿನ. ಸಂಸ್ಥೆಯ ಕಾರ್ಯದರ್ಶಿ ಮೇಡಂ ಬಂದಿದ್ದರು. ಮೇಜಿನ ಮೇಲೆ 'ತರಬೇತಿ ಪೂರೈಸಿ ಉದ್ಯೋಗಕ್ಕೆ ಸಜ್ಜಾಗಿದ್ದೇನೆ' ಎಂಬ ಹಾಳೆಗಳ ರಾಶಿ. ಎಲ್ಲರೂ ಸಹಿ ಹಾಕಬೇಕು, ಆಮೇಲೆ ಫೋಟೊ. ಮೊದಲ ಹಾಳೆ ಮೊಂಡಿಯ ಮುಂದೆ ಬಂತು. ಅವಳು ಪೆನ್ನನ್ನು ಹಾಳೆಯ ಮೇಲೆ ಅಡ್ಡ ಇಟ್ಟಳು.

"ನಾನು ಹಾಕಲ್ಲ ಮೇಡಂ."

"ಯಾಕಮ್ಮ? ಓದೋಕೆ ಬರಲ್ವಾ?"

"ಬರೋದ್ರಿಂದಾನೇ ಹಾಕ್ತಿಲ್ಲ. 'ಉದ್ಯೋಗಕ್ಕೆ ಸಜ್ಜಾಗಿದ್ದೇನೆ' ಅಂತ ಬರ್ದಿದೀರ. ನಾನು ಹನ್ನೊಂದು ವರ್ಷದಿಂದ ಸಜ್ಜಾಗೇ ಇದೀನಿ. ಹೋದ ವರ್ಷ ನಿಮ್ಮಲ್ಲಿ ಕಲಿತೋರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ತು?"

"ಅದು ಕೆಲಸ ಕೊಡೋರಿಗೆ ಬಿಟ್ಟಿದ್ದು. ನಾವು ನಿಮ್ಮಲ್ಲಿ ಧೈರ್ಯ ತುಂಬ್ತೀವಿ."

"ಧೈರ್ಯ ನಮ್ಮ ಹತ್ರ ಬೇಕಾದಷ್ಟಿದೆ, ಬೇಕಾದ್ರೆ ನಿಮಗೂ ಕೊಡ್ತೀವಿ. ನಮಗಿಲ್ದೇ ಇರೋದು ಫೋನ್ ಎತ್ತೋರು."

ಅವಳು ಆಸ್ಪತ್ರೆಯ ರಿಜಿಸ್ಟರಿನ ಕಥೆ ಹೇಳಿದಳು. ತನ್ನ ತಪ್ಪನ್ನೂ ಸೇರಿಸಿಯೇ ಹೇಳಿದಳು. ಟೈ ಸರ್ ಉತ್ಸಾಹದಿಂದ ಮುಂದೆ ಬಂದರು. "ಮೇಡಂ, ಯಾರಾದ್ರೂ ದಾನಿಗಳನ್ನ ಕೇಳಿ ಎಲ್ಲರಿಗೂ ಒಂದೊಂದು ಫೋನ್ ಕೊಡಿಸಿದ್ರೆ?"

"ಹೊಸ ಫೋನ್ ಕೊಟ್ರೂ ಅದು ಮನೇಲೇ ಉಳಿಯುತ್ತೆ, ನಾನು ಹೊರಗಿದ್ದಾಗ ಎತ್ತೋದು ಅತ್ತೇನೇ ಸಾರ್. ಪೂರ್ತಿ ಹೆಸರು ಕೇಳಿದ್ರೆ ಹೆದರದೇ ಇರೋರು ಬೇಕು." ಮೊಂಡಿ ಕಾರ್ಯದರ್ಶಿಯ ಕಡೆ ತಿರುಗಿದಳು. "ನೀವು ಹೆದರಲ್ಲ. ನಿಮ್ಮ ಹೆಸರನ್ನ ನೀವೇ ಬಾಗಿಲ ಮೇಲೆ ಬೋರ್ಡ್ ಹಾಕ್ಸಿದೀರ. ಹತ್ತರಿಂದ ಐದರವರೆಗೆ ನಿಮ್ಮ ಆಫೀಸ್ ಫೋನು ನಮ್ಮ ನಂಬರ್ ಆಗ್ಲಿ. ನಮ್ಮ ಹೆಸರು ಕೇಳಿದ್ರೆ ಇದಾರೆ ಅನ್ನಿ. ಏನು, ಎತ್ತ ಬರ್ಕೊಳ್ಳಿ. ದಿನಾ ಐದಕ್ಕೆ ನಾವು ಬಂದು ಕೇಳ್ತೀವಿ."

"ನಮ್ಮ ಯೋಜನೇಲಿ ಅದಿಲ್ಲಮ್ಮ. ನಾವು ತರಬೇತಿ ಸಂಸ್ಥೆ. ಮೇಲಿನೋರನ್ನ ಕೇಳ್ಬೇಕು."

"ಕೇಳಿ. ಅಲ್ಲಿವರೆಗೂ ಸಹಿನೂ ಇರಲ್ಲ."

"ನೋಡಮ್ಮ, ನಿಮ್ಮೊಬ್ಬರಿಗೋಸ್ಕರ..."

ಕುರ್ಚಿಯೊಂದು ಕಿರ್ರೆಂದಿತು. ಎದುರುಮನೆ ಅಕ್ಕ ಎದ್ದು ಬಂದು ತನ್ನ ಹಾಳೆಯನ್ನು ಮಗುಚಿಟ್ಟಳು. "ನಂದೂ ಇಲ್ಲ ಮೇಡಂ. ಇವಳ ಮೇಲೆ ನನಗೆ ಸಿಟ್ಟಿದೆ, ಅದು ಬೇರೆ ವಿಷ್ಯ." ಅವಳ ಹಿಂದೆ ಇನ್ನೊಬ್ಬಳು. ಇಪ್ಪತ್ತೆರಡು ಹಾಳೆಗಳೂ ಮಗುಚಿಬಿದ್ದವು. ಇಬ್ಬರಿಗೆ ಮಾತ್ರ ಫೋಟೊ ತಪ್ಪಿತಲ್ಲ ಎಂದು ಬೇಜಾರಾದದ್ದು ಮುಖದಲ್ಲಿ ಕಂಡಿತು, ಆದರೂ ಮಗುಚಿದರು.

ಕಾರ್ಯದರ್ಶಿ ಮೇಡಂ ಮಗುಚಿದ ಹಾಳೆಗಳನ್ನು ಒಟ್ಟುಮಾಡಿ ಅಂಚು ಸರಿಪಡಿಸಿದರು. ಅವುಗಳ ಮೇಲೆ ಸಹಿಯಿಲ್ಲದೆ ಅವರ ವರ್ಷದ ವರದಿ ಮೇಲೆ ಹೋಗುವಂತಿರಲಿಲ್ಲ. ಅವರಿಗೆ ಸಿಟ್ಟೂ ಬಂದಿತ್ತು. ಆದರೆ ಕೊನೆಗೆ ಅವರು ಕೇಳಿದ ಪ್ರಶ್ನೆಗೂ ವರದಿಗೂ ಸಂಬಂಧವಿರಲಿಲ್ಲ.

"ಏಳು ಜನಾನಾ?"

"ನನ್ನ ಸೇರಿಸಿ ಎಂಟು. ಅದೂ ಒಂದೇ ಆಸ್ಪತ್ರೇಲಿ. ಬೇರೆ ಕಡೆ ಎಷ್ಟೋ, ಯಾರು ನೋಡಿದಾರೆ?"

ಮೇಡಂ ಒಂದು ನೋಟ್‌ಬುಕ್ ಎಳೆದುಕೊಂಡರು. "ಪೂರ್ತಿ ಹೆಸರು ಹೇಳಿ. ಒಬ್ಬೊಬ್ಬರಾಗಿ."

ಹೊರಗಿನವರ ಮುಂದೆ ಆ ಹೆಸರುಗಳನ್ನು ತಾವಾಗಿಯೇ ಬಾಯಿಬಿಟ್ಟು ಹೇಳಿ ಯಾರಿಗೂ ರೂಢಿಯಿರಲಿಲ್ಲ. ಮೊಂಡಿ ಮೊದಲು ಹೇಳಿದಳು, ಗಟ್ಟಿಯಾಗಿ. "ಅಯ್ಯೋ, ಇಷ್ಟು ಚೆನ್ನಾಗಿರೋ ಹೆಸರಿಟ್ಕೊಂಡು ಮೊಂಡಿನಾ!" ಎಂದು ಯಾರೋ ಅಂದರು. ಆಮೇಲೆ ಉಳಿದವರೂ ಹೇಳಿದರು.

ಸೋಮವಾರ ಹತ್ತೂಕಾಲಿಗೆ ಮೊಂಡಿ ಆಸ್ಪತ್ರೆಯ ಕಿಟಕಿಯ ಮುಂದೆ ನಿಂತಿದ್ದಳು. ಗುಮಾಸ್ತ ಅವಳನ್ನು ನೋಡಿ ನಿಟ್ಟುಸಿರಿಟ್ಟ.

"ಮತ್ತೆ ಬಂದ್ಯಾ? ಹೇಳಿದ್ನಲ್ಲ."

"ಹನ್ನೆರಡು ಜಾಗಾನೂ ತುಂಬಿದ್ಯಾ ಸಾರ್?"

"ಇನ್ನೂ ಇಲ್ಲ. ಪರೀಕ್ಷೆ ಗುರುವಾರ. ಆದ್ರೆ ನಿನ್ನ ಹೆಸರು..."

"ನಂಬರ್ ಬದಲಾಗಿದೆ. ಬದಲಾದ ನಂಬರಿಗೆ ನೀವು ಒಂದು ಸಲಾನೂ ಮಾಡಿಲ್ಲ. ಹೊಡೆದುಹಾಕೋಕೆ ಮೂರು ಸಲ ಬೇಕು, ರೂಲ್ಸು." ಅವಳು ಸಂಸ್ಥೆಯ ಆಫೀಸ್ ನಂಬರ್ ಬರೆದ ಚೀಟಿಯನ್ನು ಕಿಟಕಿಯ ಒಳಗೆ ತಳ್ಳಿದಳು. "ಮಾಡಿ."

"ನೀನು ಇಲ್ಲೇ ನಿಂತಿರುವಾಗ ಫೋನ್ ಯಾಕೆ ಮಾಡ್ಲಿ?"

"ಮೊನ್ನೆ ನಿಂತಿದ್ದಾಗ ನಾನಿಲ್ಲ ಅಂದ್ರಿ."

ಸಾಲಿನಲ್ಲಿದ್ದ ಒಬ್ಬ ಮುದುಕ ನಕ್ಕ. ಗುಮಾಸ್ತ ಕನ್ನಡಕ ಇಳಿಸಿ, ಹಟಕ್ಕೆ ಬಿದ್ದವನಂತೆ ಗುಂಡಿಗಳನ್ನು ಒತ್ತಿದ. ಎರಡನೇ ರಿಂಗಿಗೇ ಆ ಕಡೆಯಿಂದ ಎತ್ತಿದರು. ಅವನು ಹೆಸರು ಹೇಳಿದ. ಮೊಂಡಿಗೆ ಕೇಳಿಸಿದ್ದು ಅವನ ಮಾತು ಮಾತ್ರ.

"ಇದಾರಾ? ಹಾಂ... ಆಸ್ಪತ್ರೆಯಿಂದ ಮೇಡಂ. ಗುರುವಾರ, ಒಂಬತ್ತಕ್ಕೆ. ಲಾಂಡ್ರಿ ಸೂಪರ್‌ವೈಸರ್ ಹತ್ರ. ನನ್ನ ಹೆಸರಾ? ಯಾಕೆ ಮೇಡಂ? ಬರ್ಕೊಳ್ಳೋಕಾ... ಸರಿ, ಬರ್ಕೊಳ್ಳಿ."

ಅವನು ತನ್ನ ಪೂರ್ತಿ ಹೆಸರು ಹೇಳಿದ. ಹೇಳುವಾಗ ದನಿ ಒಂದಿಷ್ಟು ತಗ್ಗಿತು. ಫೋನಿಟ್ಟು, ಕೆಂಪು ಗೀಟಿನ ಪಕ್ಕ ಹೊಸ ನಂಬರ್ ಬರೆದ.

"ಗುರುವಾರ ಬನ್ನಿ. ಪರೀಕ್ಷೇಲಿ ಪಾಸಾಗೋದು ಬಿಡೋದು ನಿಮ್ಮ ಕೈಲಿದೆ."

'ನೀನು' ಹೋಗಿ 'ನೀವು' ಬಂದದ್ದನ್ನು ಅವಳು ಗಮನಿಸಿದಳು. ಸಂತೋಷವೇನೂ ಆಗಲಿಲ್ಲ. ಮೊದಲೇ ಬರಬೇಕಾಗಿತ್ತು.

"ಆಯ್ತಲ್ಲ, ಹೊರಡಿ ಇನ್ನು."

"ಕೆಳಗೆ ಇನ್ನೂ ಏಳು ಕೆಂಪು ಗೀಟಿದೆ ಸಾರ್. ಅವಕ್ಕೂ ಈಗ ಇದೇ ನಂಬರು."

"ಅವರೇ ಬಂದು ಕೇಳ್ಲಿ."

"ಒಂದು ಗೀಟು ನನ್ನಿಂದ ಬಿದ್ದಿದ್ದು. ಅದಕ್ಕೆ ಮೊದಲು ಮಾಡಿ."

"ಹಿಂದೆ ಜನ ಕಾಯ್ತಿದಾರಮ್ಮ!"

"ಕಾಯೋದು ಅವರಿಗೆ ಗೊತ್ತು" ಎಂದಳು ಮೊಂಡಿ. ಹಿಂದಿದ್ದ ಮುದುಕ ಹೌದೆಂದು ತಲೆಯಾಡಿಸಿ ಗೋಡೆಗೆ ಒರಗಿದ. ಅವಳು ಎರಡೂ ಮೊಣಕೈಗಳನ್ನು ಕಿಟಕಿಯ ಕಟ್ಟೆಯ ಮೇಲೆ ಊರಿ ನಿಂತಳು, ಗುಮಾಸ್ತ ಅವಳು ಹೇಳಿದ ಎದುರುಮನೆ ಅಕ್ಕನ ಪೂರ್ತಿ ಹೆಸರನ್ನು ಬೆರಳಿಟ್ಟು ಹುಡುಕತೊಡಗುವವರೆಗೆ.