ಗವಸು ಹೊದ್ದ ಕಂಪ್ಯೂಟರುಗಳು

ಆ ಶಾಲೆಯ ಕಂಪ್ಯೂಟರ್ ಕೋಣೆ ಎಂದರೆ ಈಗಲೂ ಮೊದಲು ಕಣ್ಣಿಗೆ ಕಟ್ಟುವುದು ಅಲ್ಲಿನ ಗವಸುಗಳು. ಹಳೆಯ ಸೀರೆಗಳನ್ನು ಕತ್ತರಿಸಿ, ಅಂಚು ಮಡಿಸಿ ಹೊಲಿದ ಹೂಹೂವಿನ ಗವಸುಗಳು. ಮದುವೆಮನೆಯಲ್ಲಿ ಮುಚ್ಚಿಟ್ಟ ಅಡುಗೆ ಪಾತ್ರೆಗಳ ಹಾಗೆ ಕಂಪ್ಯೂಟರುಗಳು ಅವುಗಳ ಕೆಳಗೆ ಸಾಲಾಗಿ ಕೂತಿದ್ದವು. ಹೊಲಿದವರು ಕಂಪ್ಯೂಟರ್ ಟೀಚರ್ ಕುಸುಮಾವತಿ. ಪಾಠದ ಹೊತ್ತು ಬಿಟ್ಟರೆ ಯಾರೂ ಗವಸು ತೆಗೆಯಕೂಡದು ಎಂಬುದು ಅವರ ಕಟ್ಟಪ್ಪಣೆ. ಧೂಳು ಕೂರುತ್ತದಂತೆ.

ನಾನು ಆಗ ಶಾಲೆಯಿಂದ ಶಾಲೆಗೆ ಅಲೆದು ಕಂಪ್ಯೂಟರುಗಳಿಗೆ ಹೊಸ ತಂತ್ರಾಂಶ ಹಾಕುವ ಕೆಲಸದಲ್ಲಿದ್ದೆ. ಹೆಣ್ಣುಮಕ್ಕಳ ಆ ಶಾಲೆಗೆ ಹೋದದ್ದು ಪ್ರಾಯೋಗಿಕ ಪರೀಕ್ಷೆಯ ಪ್ಯಾಕೇಜು ಹಾಕಲು. ಟೀಚರ ಮೇಜಿನ ಯಂತ್ರದಿಂದ ಒಮ್ಮೆ ಕಳಿಸಿದರೆ ಅದು ತಂತಿಯ ಮೂಲಕ ಎಲ್ಲ ಯಂತ್ರಗಳಿಗೂ ಹೋಗಿ ತಾನಾಗಿ ಕೂರಬೇಕು. ಕೂರದಿದ್ದರೆ ಪರೀಕ್ಷಾ ಕೇಂದ್ರ ನದಿಯಾಚೆಯ ಊರಿಗೆ ಹೋಗುತ್ತಿತ್ತು. ಅಷ್ಟು ದೂರ ಹುಡುಗಿಯರನ್ನು ಕಳಿಸುವ ತಂದೆತಾಯಂದಿರು ಅಲ್ಲಿ ಹೆಚ್ಚಿರಲಿಲ್ಲ. ಪರೀಕ್ಷೆ ತಪ್ಪಿದರೆ ಬಹಳಷ್ಟು ಮಕ್ಕಳ ಓದು ಅಲ್ಲಿಗೇ ಮುಗಿದಂತೆ.

ಮುಂದಿನ ಸಾಲಿಗೆ ಪ್ಯಾಕೇಜು ಸಲೀಸಾಗಿ ಹೋಯಿತು. ಹಿಂದಿನ ಸಾಲುಗಳಿಂದ ಉತ್ತರವೇ ಇಲ್ಲ. ಎಲ್ಲವನ್ನೂ ಆನ್ ಮಾಡಿದ್ದೀರಾ ಎಂದು ಕೇಳಿದೆ. ಮಾಡಿದ್ದೇನೆ ಅಂದರು ಟೀಚರ್, ನನ್ನ ಮುಖ ನೋಡದೆ. ಪ್ಯಾಕೇಜನ್ನು ಬಿಚ್ಚಿ ಹೊಸದಾಗಿ ಕಟ್ಟಿದೆ. ತಂತಿ ಬದಲಿಸಿದೆ. ಪ್ಯಾಕೇಜು ತಯಾರಿಸಿದ ಮಹಾನುಭಾವರಿಗೆ ಮನಸ್ಸಿನಲ್ಲೇ ಸಹಸ್ರನಾಮಾರ್ಚನೆ ಮಾಡಿದೆ. ತಲೆಯ ಮೇಲೆ ಫ್ಯಾನು ಎಷ್ಟು ಕಿರುಗುಟ್ಟುತ್ತಿತ್ತೆಂದರೆ ಯಾವ ಯಂತ್ರ ಓಡುತ್ತಿದೆ, ಯಾವುದು ಇಲ್ಲ ಎಂದು ಕಿವಿಗೆ ತಿಳಿಯುವಂತಿರಲಿಲ್ಲ. ಮರುದಿನವೂ ಅದೇ ರಾಗ, ಅದೇ ಹಾಡು.

ಟೀಚರ್ ಬೆಳಗಿನ ಪ್ರಾರ್ಥನೆಗೆ ಹೋದಾಗ ರೋಸಿಹೋಗಿ ಹಿಂದಿನ ಸಾಲಿನ ಗವಸೊಂದನ್ನು ಎತ್ತಿದೆ. ಪರದೆ ಕಪ್ಪಗಿತ್ತು. ಪೆಟ್ಟಿಗೆಯ ಮೇಲೆ ಆಯುಧಪೂಜೆಯ ಕುಂಕುಮವಿತ್ತು. ಗುಂಡಿ ಒತ್ತಿದರೆ ಸದ್ದಿಲ್ಲ. ಸ್ಕ್ರೂ ಬಿಚ್ಚಿ ಪಕ್ಕದ ತಗಡು ಸರಿಸಿದೆ. ಒಳಗೆ ಒಂದು ಇಟ್ಟಿಗೆ ಇತ್ತು.

ಬೇರೇನೂ ಇರಲಿಲ್ಲ. ನಾನು ಬಗ್ಗಿದವನು ಹಾಗೇ ನಿಂತೆ. ಎಷ್ಟೋ ಕೆಟ್ಟ ಕಂಪ್ಯೂಟರು ಬಿಚ್ಚಿದ್ದೇನೆ, ಇಲಿಗೂಡು ಕಂಡಿದ್ದೇನೆ, ಇದನ್ನು ಕಂಡಿರಲಿಲ್ಲ. ಪಕ್ಕದ್ದನ್ನು ಬಿಚ್ಚಿದೆ. ಅದರಲ್ಲೂ ಇಟ್ಟಿಗೆ. ಗವಸುಗಳನ್ನು ಕಿತ್ತು ಹಾಕುತ್ತ ಕೊನೆಯ ಸಾಲಿನವರೆಗೂ ಬಿಚ್ಚಿ ನೋಡಿದೆ. ಕಳವೆಂದೇ ತಿಳಿದೆ. ಕದ್ದದ್ದು ಸಾಲದೆಂದು ಕುಂಕುಮ ಇಟ್ಟು ಪೂಜೆ ಬೇರೆ ಮಾಡಿದ್ದಾರಲ್ಲ ಎಂದು ಮೈಯೆಲ್ಲ ಉರಿಯಿತು.

ಟೀಚರ್ ಬಂದು ಬಾಗಿಲಲ್ಲೇ ನಿಂತುಬಿಟ್ಟರು.

"ನಾನೇ ಬಿಚ್ಚಿದ್ದು ಸರ್. ಮಾರಿಲ್ಲ. ಎಲ್ಲಾ ಮುಂದಿನ ಸಾಲಲ್ಲೇ ಇದೆ."

ಹೊಸ ಭಾಗ ಬೇಕೆಂದು ಕೇಳಿ ಕೇಳಿ ಅವರಿಗೆ ಸಾಕಾಗಿತ್ತು. ಒಂದು ಯಂತ್ರ ಕೆಟ್ಟಾಗ ಇನ್ನೊಂದರಿಂದ ತೆಗೆದು ಹಾಕಿದರು. ಅದು ಕೆಟ್ಟಾಗ ಮತ್ತೊಂದರಿಂದ. ಹೀಗೆ ಮುಂದಿನ ಸಾಲು ಉಳಿಯಿತು, ಹಿಂದಿನವು ಬರಿದಾದವು. ಸತ್ಯ ಹೇಳಿದರೆ ಲ್ಯಾಬನ್ನೇ ಮುಚ್ಚಿಬಿಡುತ್ತಾರೆಂದು ಹೆದರಿ ಬಾಯಿ ಮುಚ್ಚಿಕೊಂಡಿದ್ದರು. ಇಟ್ಟಿಗೆ ಯಾತಕ್ಕೆ ಎಂದು ಕೇಳಿದೆ.

"ಖಾಲಿ ಡಬ್ಬ ಸರ್, ಮಕ್ಕಳ ಕೈ ತಾಗಿದ್ರೆ ಜರುಗತ್ತೆ. ಪಾಠ ಕೆಡತ್ತೆ."

ಪಾಠವೆ? ಇದರ ಮುಂದೆ? ವಾರಕ್ಕೊಮ್ಮೆ ಪ್ರತಿ ಹುಡುಗಿಗೂ ಮುಂದಿನ ಸಾಲು ಸಿಗುತ್ತದೆ, ಉಳಿದ ದಿನ ಇಲ್ಲೇ ಕೂತು ಕಲಿಯುತ್ತಾರೆ ಎಂದರು.

ವರಾಂಡಕ್ಕೆ ಹೋಗಿ ನಮ್ಮ ಅಧಿಕಾರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುಂದಿನ ಸಾಲಿನಲ್ಲಿ ತಂಡ ತಂಡವಾಗಿ ಪರೀಕ್ಷೆ ಮಾಡಬಹುದಲ್ಲ ಎಂದೂ ಸೇರಿಸಿದೆ. ಅವರಿಗೆ ನಂಬಿಕೆ ಬರಲಿಲ್ಲ.

"ಕಂಪ್ಯೂಟರೇ ಇಲ್ದೆ ಆ ಮಕ್ಕಳು ಏನ್ರೀ ಕಲಿತಿರ್ತಾರೆ? ಒಳಗೆ ಹೋಗಿ ನೋಡಿ ಹೇಳಿ. ಬರಲ್ಲ ಅಂದ್ರೆ ಕೇಂದ್ರ ಆಚೆ ಊರಿಗೆ, ಮುಗೀತು."

ಅಷ್ಟರಲ್ಲಿ ಗಂಟೆ ಹೊಡೆದು ಹುಡುಗಿಯರು ಬಂದರು. ನಾನು ಕಿತ್ತು ಹಾಕಿದ್ದ ಗವಸುಗಳನ್ನು ಎತ್ತಿ ಮಡಿಸಿಟ್ಟು ತಂತಮ್ಮ ಜಾಗದಲ್ಲಿ ಕೂತರು. ಟೀಚರ್ ಟೈಪು ಮಾಡಬೇಕಾದ ವಾಕ್ಯಗಳನ್ನು ಓದತೊಡಗಿದರು. ಕಪ್ಪು ಪರದೆಗಳ ಮುಂದೆ ಕೀಲಿಮಣೆಗಳ ಮೇಲೆ ಬೆರಳುಗಳು ಓಡಿದವು. ನಾನು ಫೋನನ್ನು ಕಿವಿಗೆ ಹಿಡಿದೇ ಒಳಗೆ ಬಂದು ಅವರ ಹಿಂದೆ ನಿಂತಿದ್ದೆ.

ಪರೀಕ್ಷೆ ಆ ಶಾಲೆಯಲ್ಲೇ ನಡೆಯಿತು. "ಬರತ್ತೆ ಸರ್" ಎಂದು ನಾನು ಹೇಳಿದ್ದು ಕೊನೆಯ ಸಾಲಿನ ಒಬ್ಬ ಹುಡುಗಿಯನ್ನು ನೋಡಿ. ಅವಳ ಪೆಟ್ಟಿಗೆಯೊಳಗಿನ ಇಟ್ಟಿಗೆಯನ್ನು ಆಗತಾನೇ ಕಂಡಿದ್ದೆ. ಸರಸರನೆ ಒತ್ತುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. ಯಾವುದೋ ಅಕ್ಷರ ತಪ್ಪಿತ್ತು. ಕಿರುಬೆರಳು ಚಾಚಿ, ಅಳಿಸುವ ಗುಂಡಿಯನ್ನು ಒಮ್ಮೆ ಒತ್ತಿ, ಎಲ್ಲೂ ಮೂಡದ ಆ ತಪ್ಪನ್ನು ಅಳಿಸಿದಳು. ಸರಿಯಾದ ಅಕ್ಷರ ಒತ್ತಿ ಮುಂದಿನ ಪದಕ್ಕೆ ಹೋದಳು.